ಸ್ತನ ತೆಗೆಸಿ ಎಂಟು ತಿಂಗಳಾಯಿತು, ಕನ್ನಡಿಯ ಮೇಲೆ ಹಾಕಿದ ಸೀರೆ ಇನ್ನೂ ತೆಗೆದಿಲ್ಲ

ಪ್ರಶ್ನೆ: ಅಘನಾಶಿನಿ ದಂಡೆಯವಳು, ಕುಮಟಾ

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 44. ಎಂಟು ತಿಂಗಳ ಹಿಂದೆ ಜಿಲ್ಲೆಯ ಹೊರಗಿನ ಆಸ್ಪತ್ರೆಯೊಂದರಲ್ಲಿ, ಸ್ತನ ಕ್ಯಾನ್ಸರ್ ಆದ ಕಾರಣ, ನನ್ನ ಬಲ ಸ್ತನವನ್ನು ಕಂಕುಳಿನ ಗ್ರಂಥಿಗಳ ಸಮೇತ ಪೂರ್ತಿಯಾಗಿ ತೆಗೆದರು. ಆಮೇಲೆ ಕಿಮೋ ಆಯಿತು, ಅದರ ಬೆನ್ನಿಗೇ ಮೂರು ವಾರ ರೇಡಿಯೇಷನ್ ಆಯಿತು. ಈಗ ಕಾಯಿಲೆ ಮರಳದಂತೆ ಟಾಮಾಕ್ಸಿಫೆನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ತಲೆಯಲ್ಲಿ ಒಂದಿಂಚು ಕೂದಲು ಬಂದಿದೆ, ವರದಿಗಳು ಚೆನ್ನಾಗಿವೆ, ಶಾಲೆಗೂ ಹೋಗುತ್ತಿದ್ದೇನೆ. ಹಾಗಾಗಿ ನಾನು ದುಃಖಪಡುವುದಕ್ಕೆ ಕಾರಣವೇನಾದರೂ ಉಳಿದಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಚಿಕಿತ್ಸೆ ನಡೆಯುತ್ತಿದ್ದಷ್ಟು ದಿನ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ನಸುಕಿನಲ್ಲಿ ಎದ್ದು ರೈಲು ಹಿಡಿಯುವುದು, ರಕ್ತ ಪರೀಕ್ಷೆಯ ಚೀಟಿಗಾಗಿ ಸಾಲಿನಲ್ಲಿ ನಿಲ್ಲುವುದು, ಮನೆಗೆ ಬಂದು ವಾಂತಿ ಮಾಡುವುದು, ಮತ್ತೆ ಇಪ್ಪತ್ತೊಂದು ದಿನ ಎಣಿಸುವುದು, ಇಷ್ಟರಲ್ಲೇ ಕಾಲ ಕಳೆಯಿತು. ಎಲ್ಲ ಮುಗಿದು ಊರಿನವರು "ಅಂತೂ ಗೆದ್ದಿರಲ್ಲ ಅಕ್ಕೋರೇ" ಎಂದು ಹೇಳತೊಡಗಿದ ಮೇಲೆಯೇ ನಾನು ಕುಸಿದದ್ದು. ನಮ್ಮ ಕೋಣೆಯ ಕಪಾಟಿನ ಬಾಗಿಲಿಗೆ ಆಳೆತ್ತರದ ಕನ್ನಡಿಯಿದೆ. ಆಸ್ಪತ್ರೆಯಿಂದ ಬಂದ ದಿನವೇ ಅದರ ಮೇಲೆ ಹಳೆಯ ಇಳಕಲ್ ಸೀರೆಯೊಂದನ್ನು ಇಳಿಬಿಟ್ಟೆ, ಅದು ಈಗಲೂ ಹಾಗೆಯೇ ಇದೆ. ಬಚ್ಚಲಲ್ಲಿ ದೀಪ ಹಾಕದೆ ಸ್ನಾನ ಮಾಡುತ್ತೇನೆ. ಕತ್ತರಿಸಿದ್ದು ಎಡಗಡೆಯಾಗಿದ್ದರೆ ಸೆರಗಾದರೂ ಮುಚ್ಚುತ್ತಿತ್ತು. ಬಲಗಡೆಯಾದ್ದರಿಂದ, ಬೋರ್ಡಿನ ಮೇಲೆ ಬರೆಯಲು ಕೈಯೆತ್ತಿದಾಗಲೆಲ್ಲ ರವಿಕೆಯೊಳಗಿನ ಹತ್ತಿ ಮೇಲಕ್ಕೇರುತ್ತದೆ, ಏಳನೆಯ ತರಗತಿಯ ಹೆಣ್ಣುಮಕ್ಕಳು ಅದನ್ನು ನೋಡುತ್ತಿದ್ದಾರೆಂದು ನನಗೆ ಭಾಸವಾಗುತ್ತದೆ.

ನನ್ನ ಯಜಮಾನರು ಒಳ್ಳೆಯವರು. ಪ್ರತಿ ಸಲವೂ ರಜೆ ಹಾಕಿ ಜೊತೆಗೆ ಬಂದಿದ್ದಾರೆ. ಆದರೆ ಆ ಗಾಯದ ಬಗ್ಗೆ ಇಂದಿನವರೆಗೆ ಒಂದು ಮಾತನ್ನೂ ಆಡಿಲ್ಲ, ನಾನು ಬಟ್ಟೆ ಬದಲಿಸುವಾಗ ಎದ್ದು ಹೊರಗೆ ಹೋಗುತ್ತಾರೆ. ನಾನು ಸೆಕೆಯ ನೆಪ ಹೇಳಿ ಜಗುಲಿಯಲ್ಲಿ ಮಲಗುತ್ತಿದ್ದೇನೆ. ಅತ್ತೆಯವರ ತಂಗಿಯೊಬ್ಬರು, "ಜೀವ ಉಳಿಯಿತಲ್ಲ, ಮಕ್ಕಳಿಗೆ ಹಾಲು ಕೊಡುವ ಕಾಲವೂ ಮುಗಿದಿದೆ, ಇನ್ನೇನು ಚಿಂತೆ?" ಎಂದರು. ಪೂರ್ತಿ ತೆಗೆಯಲೇಬೇಕಿತ್ತೇ, ಮತ್ತೆ ಕಟ್ಟಿಕೊಡಲು ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ, ಫೈಲಿನಲ್ಲಿ ಬರೆಯುತ್ತಿದ್ದ ವೈದ್ಯರು ತಲೆಯೆತ್ತದೆಯೇ, "ಈ ವಯಸ್ಸಿಗೆ ಅದೆಲ್ಲ ಯಾಕೆ?" ಎಂದು ಮರುಪ್ರಶ್ನೆ ಹಾಕಿದರು. ಅಲ್ಲಿಗೆ ನಾನು ಕೇಳುವುದನ್ನೇ ಬಿಟ್ಟೆ.

ಇನ್ನೊಂದು ಸಂಗತಿಯನ್ನು ಹೇಳಲು ಸಂಕೋಚವಾಗುತ್ತದೆ. ಇಲ್ಲದ ಸ್ತನದ ತೊಟ್ಟು ಒಮ್ಮೊಮ್ಮೆ ತುರಿಸುತ್ತದೆ. ಕೈ ಹಾಕಿದರೆ ಅಲ್ಲಿ ಬರೀ ಪಕ್ಕೆಲುಬು. ನನಗೆ ಬುದ್ಧಿಭ್ರಮಣೆ ಆಗುತ್ತಿದೆಯೇ? ಇದನ್ನೆಲ್ಲ ದಾಟಿ ಬಂದವರು ಯಾರಾದರೂ ಇದ್ದರೆ, ನೀವು ನಿಮ್ಮ ದೇಹದ ಜೊತೆ ಹೇಗೆ ರಾಜಿಯಾದಿರಿ ಎಂದು ದಯವಿಟ್ಟು ತಿಳಿಸಿ.

ಉತ್ತರ: ಭಟ್ಕಳದ ಓದುಗ

ಸಹೋದರಿ, ಧೈರ್ಯವಾಗಿರಿ. ಆದಷ್ಟು ಧನಾತ್ಮಕವಾಗಿ ಯೋಚಿಸಿ, ಧ್ಯಾನ ಮಾಡಿ. ಮನಸ್ಸು ಕುಗ್ಗಿದರೆ ಕಾಯಿಲೆ ಮರಳುತ್ತದೆ ಎಂದು ಕೇಳಿದ್ದೇನೆ, ಆದ್ದರಿಂದ ಇಂಥ ವಿಚಾರಗಳಿಗೆ ಎಡೆಗೊಡಬೇಡಿ.

ಉತ್ತರ: ಅಡಿಕೆ ತೋಟದವಳು, ಶಿರಸಿ

ತಂಗೀ, ಮೇಲಿನವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ಅಳಬಾರದು ಎನ್ನುವ ಹೊಸ ಭಯವೊಂದನ್ನು ನೀನು ತಲೆಗೆ ಹಚ್ಚಿಕೊಳ್ಳಬೇಡ. ನನಗೆ 2017ರಲ್ಲಿ ಆಯಿತು, ಆಗ ನನಗೆ 49. ನನ್ನದು ಎಡಗಡೆ, ಸೆರಗು ಮುಚ್ಚುವ ಕಡೆ. ಆದರೂ ನಾನು ಅತ್ತಿದ್ದು ಕಡಿಮೆಯೇನಲ್ಲ. ಹಲ್ಲು ಕೀಳಿಸಿದರೆ ನಾಲಿಗೆ ದಿನಗಟ್ಟಲೆ ಆ ಸಂದಿಗೇ ಹೋಗುತ್ತದೆ, ಮೂವತ್ತು ವರ್ಷ ಜೊತೆಗಿದ್ದ ಅಂಗವನ್ನು ಮನಸ್ಸು ಒಂದು ವಾರದಲ್ಲಿ ಮರೆಯಬೇಕು ಎನ್ನುವವರು ಇದನ್ನು ಯೋಚಿಸಿಯೇ ಇರುವುದಿಲ್ಲ. ಜೀವ ಉಳಿದ ಸಂತೋಷ ಒಂದು ಕಡೆ, ಕಳೆದುಕೊಂಡದ್ದರ ದುಃಖ ಇನ್ನೊಂದು ಕಡೆ; ಒಂದು ಇದೆಯೆಂದು ಇನ್ನೊಂದು ಇರಬಾರದೆಂದೇನೂ ಇಲ್ಲ.

ನಾನು ನೋಡಿಕೊಂಡದ್ದು ಹೇಗೆಂದು ಹೇಳುತ್ತೇನೆ. ಕಣ್ಣಿನಿಂದ ಶುರು ಮಾಡಲು ನನಗೆ ಆಗಲೇ ಇಲ್ಲ, ಬೆರಳಿನಿಂದ ಶುರು ಮಾಡಿದೆ. ಗಾಯ ಪೂರ್ತಿ ಮಾಗಿದ ಮೇಲೆ, ಗೆರೆ ಬಿಗಿದುಕೊಳ್ಳದಂತೆ ಎಣ್ಣೆ ಹಚ್ಚಿ ಮೆಲ್ಲಗೆ ಉಜ್ಜಬೇಕೆಂದು ಫಿಸಿಯೋಥೆರಪಿಯವರು ಹೇಳಿದ್ದರು. ರಾತ್ರಿ ದೀಪ ಆರಿಸಿ, ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಬಿಸಿ ಮಾಡಿಕೊಂಡು, ಮೊದಲು ಚೆನ್ನಾಗಿರುವ ಬದಿಯ ಹೆಗಲಿಗೆ, ಆಮೇಲೆ ಕುತ್ತಿಗೆಯ ಬುಡಕ್ಕೆ, ಕೊನೆಗೆ ಗೆರೆಯ ಅಂಚಿಗೆ ಹಚ್ಚುತ್ತಿದ್ದೆ. ಮೊದಲ ವಾರ ಆ ಚರ್ಮ ಯಾರದೋ ಎನ್ನಿಸಿತು. ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತಿತ್ತು, ಎದೆಗೆ ಗೊತ್ತಾಗುತ್ತಿರಲಿಲ್ಲ. ಗೆರೆಯ ಒಂದು ತುದಿಯಲ್ಲಿ ಕಡಲೆಕಾಳಿನಷ್ಟು ಗಡುಸು ಮಡಿಕೆಯಿತ್ತು. ಅದು ದಿನದಿಂದ ದಿನಕ್ಕೆ ಮೆತ್ತಗಾಗುವುದನ್ನು ಬೆರಳು ಲೆಕ್ಕವಿಡತೊಡಗಿತು. ತಿಂಗಳ ಮೇಲೆ, ಅದು ನೋಡುವುದಕ್ಕೆ ಹೇಗಿರಬಹುದು ಎಂಬ ಕುತೂಹಲ ನನಗೇ ಹುಟ್ಟಿತು. ಮುಖ ನೋಡುವ ಸಣ್ಣ ಕನ್ನಡಿಯಲ್ಲಿ ತುಂಡು ತುಂಡಾಗಿ ನೋಡಿದೆ. ಆಳೆತ್ತರದ ಕನ್ನಡಿಯ ಮುಂದೆ ನಿಂತದ್ದು ಆರು ತಿಂಗಳ ಆಚೆ.

2018ರ ಮಾರಿಕಾಂಬೆ ಜಾತ್ರೆಗೆ ಹೋಗಬೇಕೋ ಬೇಡವೋ ಎಂದು ವಾರಗಟ್ಟಲೆ ಹೊಯ್ದಾಡಿದ್ದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತಪ್ಪಿಸಲು ಮನಸ್ಸಿಲ್ಲ. ಆ ನೂಕುನುಗ್ಗಲಲ್ಲಿ ಯಾರದಾದರೂ ಮೊಣಕೈ ತಾಗಿದರೆ ಎಂಬ ಭಯ. ತಾಗಿಯೇ ತಾಗಿತು. ಬಳೆ ಅಂಗಡಿಯ ಸಾಲಿನಲ್ಲಿ ಹತ್ತಿಯ ಉಂಡೆ ಜಾರಿ ಎದೆಯ ನಡುವೆ ಬಂದು ಕುಳಿತಿತು. ಜೊತೆಗಿದ್ದ ನನ್ನ ನಾದಿನಿ ಅದನ್ನು ನೋಡಿ, ಸೆರಗು ಅಡ್ಡ ಹಿಡಿದು, "ಅತ್ತಿಗೆ, ನಿಮ್ಮದು ದೇವಿ ದರ್ಶನಕ್ಕೆ ನಮಗಿಂತ ಮುಂದೆ ಹೊರಟಿದೆ" ಎಂದಳು. ಇಬ್ಬರೂ ನಕ್ಕ ನಗೆಗೆ ಬಳೆಗಾರ ಕಂಗಾಲಾದ. ಕಾಯಿಲೆ ಬಂದಲ್ಲಿಂದ ನನ್ನ ಎದೆಯ ವಿಷಯವನ್ನು ಪಿಸುದನಿಯಲ್ಲದೆ ಗಟ್ಟಿಯಾಗಿ ಆಡಿದವಳು ಅವಳೊಬ್ಬಳೇ.

ಕೈಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ ಎಡಗೈಗೆ ಸಣ್ಣ ಗಾಯವಾದದ್ದನ್ನು ನಾನು ಅಲಕ್ಷ್ಯ ಮಾಡಿದೆ. ಮರುದಿನ ಜ್ವರ ಬಂತು, ಕೈ ಕೆಂಪಾಗಿ ಊದಿತು, ಆಮೇಲೆ ಬಾವು ಪೂರ್ತಿ ಇಳಿಯಲೇ ಇಲ್ಲ. ಕಂಕುಳಿನ ಗ್ರಂಥಿ ತೆಗೆದ ಕೈಯಲ್ಲಿ ದುಗ್ಧರಸದ (ಲಿಂಫ್ ಎಂಬ ದ್ರವದ) ಹರಿವು ಕಡಿಮೆಯಾಗುವುದರಿಂದ ಹೀಗಾಗುತ್ತದೆಯಂತೆ. ಈಗ ಬಿಗಿಯಾದ ತೋಳುಚೀಲ ಹಾಕುತ್ತೇನೆ. ಎದೆಯನ್ನು ಮುಚ್ಚಬಹುದು, ಊದಿದ ಕೈಯನ್ನು ಮುಚ್ಚಲಾಗುವುದಿಲ್ಲ, ಮದುವೆ ಮನೆಯಲ್ಲಿ ಹತ್ತು ಜನ ಅದನ್ನೇ ಕೇಳುತ್ತಾರೆ. ನೀನು ಕರಾವಳಿಯವಳು, ಬಂಗಡೆ ಹೆಚ್ಚುವಾಗ ಬಲಗೈಗೆ ಮುಳ್ಳು ಚುಚ್ಚದಂತೆ ಕೈಗವಸು ಹಾಕಿಕೋ. ಚುಚ್ಚಿ ಕೆಂಪಾದರೆ ಅದೇ ದಿನ ವೈದ್ಯರಿಗೆ ತೋರಿಸು.

ಉತ್ತರ: ಮನೋವೈದ್ಯೆ, ಕಾರವಾರ

ಮೊದಲು ಆ ತುರಿಕೆಯ ವಿಷಯ. ನಿಮಗೆ ಬುದ್ಧಿಭ್ರಮಣೆಯಾಗಿಲ್ಲ. ಕಾಲು ಕಳೆದುಕೊಂಡವರಿಗೆ ಇಲ್ಲದ ಪಾದ ನೋಯುವಂತೆ, ಸ್ತನ ತೆಗೆದ ಮೇಲೆಯೂ ಅದು ಇದ್ದಂತೆ, ತುರಿಸಿದಂತೆ, ಬಿಗಿದಂತೆ ಎಷ್ಟೋ ಮಹಿಳೆಯರಿಗೆ ಅನ್ನಿಸುತ್ತದೆ. ಆ ಭಾಗದ ಸುದ್ದಿಯನ್ನು ಒಯ್ಯುತ್ತಿದ್ದ ನರಗಳು ತುಂಡಾದರೂ ಮಿದುಳಿನಲ್ಲಿರುವ ದೇಹದ ನಕ್ಷೆ ಅಷ್ಟು ಬೇಗ ಬದಲಾಗುವುದಿಲ್ಲ. ತೋಳಿನ ಒಳಬದಿಯಲ್ಲಿ ಜೋಮು ಇದ್ದರೆ ಅದು ಕೂಡ ಕಂಕುಳನ್ನು ಹಾದುಹೋಗುವ ನರಕ್ಕೆ ಪೆಟ್ಟಾದದ್ದರಿಂದಲೇ ಬರುವಂಥದ್ದು. ಉರಿ ಅಥವಾ ನೋವು ಹೆಚ್ಚಿದ್ದರೆ ಅದಕ್ಕೆ ಔಷಧಿಯಿದೆ, ಹೇಳಿಕೊಳ್ಳಿ.

ದುಃಖಪಟ್ಟರೆ ಕ್ಯಾನ್ಸರ್ ಮರಳುತ್ತದೆ ಎನ್ನುವುದಕ್ಕೆ ನಂಬತಕ್ಕ ಆಧಾರವಿಲ್ಲ. ಈ ಮಾತು ನಮ್ಮಲ್ಲಿ ಬಹಳ ಪ್ರಚಾರದಲ್ಲಿದೆ, ಮತ್ತು ಅದರಿಂದ ಆಗುವ ಹಾನಿಯನ್ನು ನಾನು ದಿನವೂ ನೋಡುತ್ತೇನೆ: ರೋಗಿ ತನ್ನ ಅಳುವನ್ನೂ ಒಂದು ಅಪರಾಧವೆಂದು ಬಗೆದು ಬಚ್ಚಿಡತೊಡಗುತ್ತಾಳೆ. ಆದರೆ ದುಃಖ ಬೇರೆ, ಖಿನ್ನತೆಯ ಕಾಯಿಲೆ ಬೇರೆ. ಎರಡು ವಾರಕ್ಕೂ ಮೇಲ್ಪಟ್ಟು ಬಹುತೇಕ ಇಡೀ ದಿನ ಮನಸ್ಸು ಮಂಕಾಗಿದ್ದು, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ ಊಟ ಕೆಟ್ಟು, ಬದುಕಿದ್ದೇನು ಫಲ ಎಂಬ ಯೋಚನೆ ಬರುತ್ತಿದ್ದರೆ ಚಿಕಿತ್ಸೆ ಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಯಾರೇ ಔಷಧಿ ಬರೆದರೂ ನೀವು ಟಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವುದನ್ನು ತಪ್ಪದೆ ಹೇಳಿ. ಪರಾಕ್ಸೆಟಿನ್, ಫ್ಲುಆಕ್ಸೆಟಿನ್‌ನಂಥ ಕೆಲವು ಖಿನ್ನತೆಯ ಮಾತ್ರೆಗಳು, ಟಾಮಾಕ್ಸಿಫೆನ್ ಯಕೃತ್ತಿನಲ್ಲಿ ತನ್ನ ಪರಿಣಾಮಕಾರಿ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ. ಅವುಗಳ ಬದಲು ಕೊಡಬಹುದಾದ ಬೇರೆ ಮಾತ್ರೆಗಳಿವೆ.

ನೀವು ಸೆಕೆಯ ನೆಪ ಎಂದು ಬರೆದಿದ್ದೀರಿ. ಅದು ಪೂರ್ತಿ ನೆಪವಾಗಿರಲಿಕ್ಕಿಲ್ಲ, ಏಕೆಂದರೆ ಟಾಮಾಕ್ಸಿಫೆನ್ ತೆಗೆದುಕೊಳ್ಳುವವರಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು ಸಾಮಾನ್ಯ. ಕಿಮೋದಿಂದ ಮುಟ್ಟು ನಿಂತಿದ್ದರೆ ಯೋನಿಯ ಒಣಗುವಿಕೆ, ಕೂಡುವಾಗ ನೋವು ಇವೂ ಇರಬಹುದು. ಇದಕ್ಕೆ ನೀರು ಆಧಾರಿತ ಜೆಲ್‌ಗಳಿವೆ. ಹಾರ್ಮೋನು ಇರುವ ಮುಲಾಮನ್ನು ಮಾತ್ರ ನಿಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಚ್ಚಬಾರದು. ನಮ್ಮ ಕಡೆಯ ಹೆಂಗಸರು ಎಂಥ ನೋವನ್ನಾದರೂ ಹೇಳುತ್ತಾರೆ, ಇದೊಂದನ್ನು ಮಾತ್ರ ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿದ ಮೇಲೆ ತಿರುಗಿ ನಿಂತು ಹೇಳುತ್ತಾರೆ.

ಪೂರ್ತಿ ತೆಗೆಯಲೇಬೇಕಿತ್ತೇ ಎಂಬ ಪ್ರಶ್ನೆಯನ್ನು ನುಂಗಿಕೊಳ್ಳಬೇಡಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಹಾಲ್‌ಸ್ಟೆಡ್ ರೂಢಿಗೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದೊಡನೆ ಎದೆಯ ಸ್ನಾಯುಗಳನ್ನೂ ತೆಗೆಯುತ್ತಿದ್ದರು. ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ, ಅದಕ್ಕೆ ತಕ್ಕ ರೋಗಿಗಳಲ್ಲಿ, ಬದುಕುಳಿಯುವ ಪ್ರಮಾಣ ಅಷ್ಟೇ ಇರುತ್ತದೆಂದು ಶಸ್ತ್ರಚಿಕಿತ್ಸಕ ಬರ್ನಾರ್ಡ್ ಫಿಶರ್ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ತಕ್ಕ ರೋಗಿ ಎಂದರೆ ಗಂಟಿನ ಗಾತ್ರ, ಸ್ತನದ ಗಾತ್ರ, ಗಂಟು ಒಂದೋ ಹಲವೋ ಎಂಬುದರ ಮೇಲೆ ನಿರ್ಧಾರವಾಗುವ ಮಾತು. ತೆಗೆದ ಭಾಗವನ್ನು ಪರೀಕ್ಷಿಸಿ ಕೊಟ್ಟ ನಿಮ್ಮ ಪೆಥಾಲಜಿ ವರದಿಯಲ್ಲಿ ಇದೆಲ್ಲ ಇರುತ್ತದೆ. ಅದನ್ನು ಹಿಡಿದು ಶಸ್ತ್ರಚಿಕಿತ್ಸಕರ ಬಳಿ, ಬೇಕಾದರೆ ಬೇರೊಬ್ಬ ಶಸ್ತ್ರಚಿಕಿತ್ಸಕರ ಬಳಿ ಹೋಗಿ, ಕಾರಣ ಕೇಳಿ ತಿಳಿದುಕೊಳ್ಳಿ. ಕಾರಣ ಗೊತ್ತಾದರೆ ದುಃಖ ಹೋಗದಿರಬಹುದು, ಆದರೆ ಸುಮ್ಮನೆ ಕತ್ತರಿಸಿಬಿಟ್ಟರೇನೋ ಎಂಬ ಸಂಶಯ ಹೋಗುತ್ತದೆ.

ಸ್ತನದ ಮರುನಿರ್ಮಾಣಕ್ಕೆ 44 ಏನೂ ಹೆಚ್ಚಿನ ವಯಸ್ಸಲ್ಲ. ಶಸ್ತ್ರಚಿಕಿತ್ಸೆಯಾಗಿ ವರ್ಷಗಳ ಮೇಲೆಯೂ ಅದನ್ನು ಮಾಡಿಸಬಹುದು. ರೇಡಿಯೇಷನ್ ಆಗಿರುವುದರಿಂದ ಚರ್ಮ ಚೇತರಿಸಿಕೊಳ್ಳಲು ಕೆಲವು ತಿಂಗಳು ಕಾಯಬೇಕಾಗುತ್ತದೆ, ಮತ್ತು ಅಂಥ ಚರ್ಮಕ್ಕೆ ಸಿಲಿಕೋನ್ ಇಂಪ್ಲಾಂಟಿಗಿಂತ ಹೊಟ್ಟೆಯ ಅಥವಾ ಬೆನ್ನಿನ ನಿಮ್ಮದೇ ಮಾಂಸವನ್ನು ತಂದು ಕಟ್ಟುವುದು ಹೆಚ್ಚಾಗಿ ಒಗ್ಗುತ್ತದೆ. ಆಕಾರ ಬರುತ್ತದೆ, ಮೊದಲಿನ ಸ್ಪರ್ಶಜ್ಞಾನ ಬರುವುದಿಲ್ಲ ಎಂಬುದನ್ನು ತಿಳಿದೇ ನಿರ್ಧರಿಸಬೇಕು. ಬೇಡವೆಂದು ಸಪಾಟಾಗಿಯೇ ಇರುವವರೂ ಇದ್ದಾರೆ. ಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು, ಫೈಲಿನಲ್ಲಿ ಬರೆಯುತ್ತ ಕುಳಿತವರಿಗೆ ಬಿಟ್ಟದ್ದಲ್ಲ.

ಶಿರಸಿಯ ಅಕ್ಕ ಹೇಳಿದ ಬೆರಳಿನ ದಾರಿ ನನಗೆ ಬಹಳ ಹಿಡಿಸಿತು. ಅದಕ್ಕೆ ಒಂದು ವೈದ್ಯಕೀಯ ಕಾರಣವನ್ನೂ ಸೇರಿಸುತ್ತೇನೆ: ಗೆರೆಯ ಆಸುಪಾಸಿನಲ್ಲಿ ಹೊಸ ಗಂಟು ಅಥವಾ ಕೆಂಪು ಕಲೆ ಬಂದರೆ, ಮುಟ್ಟಿ ನೋಡಿ ಅಭ್ಯಾಸವಿರುವವರಿಗೇ ಅದು ಬೇಗ ತಿಳಿಯುತ್ತದೆ. 1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲಾಸರ್ ಎಂಬವರು, ತಮಗೆ ಶಸ್ತ್ರಚಿಕಿತ್ಸೆಯಾದಾಗ ಯಾರೂ ಏನನ್ನೂ ವಿವರಿಸಲಿಲ್ಲವೆಂದು, ತಾವೇ ಇತರ ರೋಗಿಗಳ ಹಾಸಿಗೆಯ ಬಳಿ ಹೋಗಿ ಕುಳಿತು ಮಾತನಾಡತೊಡಗಿದರು. ಕಾಯಿಲೆ ದಾಟಿದವರೇ ಇತರ ರೋಗಿಗಳಿಗೆ ಆಸರೆಯಾಗುವ ರೀಚ್ ಟು ರಿಕವರಿ ಎಂಬ ಕಾರ್ಯಕ್ರಮ ಹುಟ್ಟಿದ್ದು ಹಾಗೆ. ಶಿರಸಿ ಮತ್ತು ಕುಮಟೆಯ ನಡುವೆ ಇರುವುದು ದೇವಿಮನೆ ಘಟ್ಟವೊಂದೇ. ನೀವಿಬ್ಬರೂ ಒಮ್ಮೆ ಭೇಟಿಯಾಗಬಾರದೇಕೆ?

ಉತ್ತರ: ಅಂಕೋಲೆಯವನು

ನಾನು ಗಂಡಸು. ಇಲ್ಲಿ ಬರೆಯಬಹುದೋ ಬಾರದೋ ಎಂದು ಎರಡು ದಿನ ಯೋಚಿಸಿದೆ. ನನ್ನ ಹೆಂಡತಿಗೆ ಮೂರು ವರ್ಷದ ಹಿಂದೆ ಇದೇ ಶಸ್ತ್ರಚಿಕಿತ್ಸೆಯಾಯಿತು. ನಿಮ್ಮ ಯಜಮಾನರು ಎದ್ದು ಹೊರಗೆ ಹೋಗುತ್ತಾರೆ ಎಂದು ಓದಿದಾಗ ನನ್ನನ್ನೇ ನೋಡಿದಂತಾಯಿತು.

ಮನೆಗೆ ಕಳಿಸುವಾಗ ಕಂಕುಳ ಕೆಳಗೆ ಒಂದು ಕೊಳವೆ, ಅದರ ತುದಿಗೆ ಪ್ಲಾಸ್ಟಿಕ್ ಬುಡ್ಡಿ ಇತ್ತು. ದಿನಕ್ಕೆರಡು ಸಲ ಅದರ ನೀರನ್ನು ಅಳತೆ ಲೋಟಕ್ಕೆ ಸುರಿದು ಎಷ್ಟು ಮಿಲಿಲೀಟರ್ ಎಂದು ಬರೆದಿಡಬೇಕಿತ್ತು. ದಿನಕ್ಕೆ 30ಕ್ಕಿಂತ ಕಡಿಮೆಯಾದರೆ ಕೊಳವೆ ತೆಗೆಯುತ್ತೇವೆ ಎಂದಿದ್ದರು. ಆ ಕೆಲಸ ನನ್ನದು. ಅಂಗಡಿಯ ಉದ್ರಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ 140, 110, 95 ಎಂದು ಬರೆಯುತ್ತಿದ್ದೆ. ಕೈ ನಡುಗದೆ ಆ ಕೆಲಸವನ್ನು ಮಾಡಿದವನು ನಾನೇ. ಆದರೆ ಕೊಳವೆ ತೆಗೆದ ಮೇಲೆ ನನಗೆ ಅಲ್ಲಿ ಏನು ಕೆಲಸ ಎಂದು ಗೊತ್ತಾಗಲಿಲ್ಲ. ನೋಡಿದರೆ ಅವಳಿಗೆ ನಾಚಿಕೆಯಾದೀತು, ಮುಟ್ಟಿದರೆ ನೋವಾದೀತು, ಕೇಳಿದರೆ ಅತ್ತಾಳು ಎಂದು ಹೆದರಿ ಹೊರಗೆ ಹೋಗಿ ನಿಲ್ಲುತ್ತಿದ್ದೆ. ನನ್ನ ಮಟ್ಟಿಗೆ ಅದು ಮರ್ಯಾದೆ. ಅವಳು ಅದನ್ನು ಅಸಹ್ಯವೆಂದು ತಿಳಿದಿದ್ದಳು, ಒಂದು ವರ್ಷ ಹಾಗೆಯೇ ತಿಳಿದಿದ್ದಳು. ಒಂದು ದಿನ ಪುಸ್ತಕ ತಿರುವುತ್ತಿದ್ದಾಗ ಆ ಅಂಕಿಗಳು ಕಣ್ಣಿಗೆ ಬಿದ್ದು, "ಅವತ್ತು ನೋಡಲು ಆಗುತ್ತಿತ್ತು, ಈಗ ಯಾಕೆ ಆಗುವುದಿಲ್ಲ?" ಎಂದು ಕೇಳಿಬಿಟ್ಟಳು. ಆಗ ನನಗೆ ಉತ್ತರ ಹೇಳಲೇಬೇಕಾಯಿತು.

ಎಲ್ಲ ಗಂಡಸರೂ ನನ್ನ ಹಾಗೆಯೇ ಎಂದು ನಾನು ಹೇಳಲಾರೆ. ಆದರೆ ಸುಮ್ಮನಿರುವವರ ಮನಸ್ಸಿನಲ್ಲಿ ಇರುವುದು ಅಸಹ್ಯವೇ ಎಂದು ಮೊದಲೇ ತೀರ್ಮಾನಿಸಬೇಡಿ. ಅವರಿಗೆ ಒಂದು ಕೆಲಸ ಹೇಳಿ ನೋಡಿ. ಬೆನ್ನಿಗೆ ಎಣ್ಣೆ ಹಚ್ಚಲು, ಕೈ ವ್ಯಾಯಾಮದ ಲೆಕ್ಕ ಎಣಿಸಲು, ಏನಾದರೂ ಸರಿ. ನಮ್ಮಂಥವರಿಗೆ ಮಾತು ಬರುವುದಿಲ್ಲ, ಹೇಳಿದ ಕೆಲಸ ಮಾಡಲು ಬರುತ್ತದೆ.

ಉತ್ತರ: ಹೊನ್ನಾವರದ ದರ್ಜಿ

ಅಕ್ಕೋರೇ, ನಾನು ಇಪ್ಪತ್ತೆರಡು ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ಈ ಶಸ್ತ್ರಚಿಕಿತ್ಸೆಯಾದ ಏಳೆಂಟು ಜನರಿಗೆ ಹೊಲಿದುಕೊಟ್ಟಿದ್ದೇನೆ. ಹತ್ತಿ ಮೇಲಕ್ಕೇರುವುದು ನಿಮ್ಮ ತಪ್ಪಲ್ಲ, ಅದು ಹಗುರ, ಕೈಯೆತ್ತಿದಾಗ ಬಟ್ಟೆಯ ಜೊತೆಗೆ ಏರಲೇಬೇಕು. ಬ್ರಾ ಅಥವಾ ರವಿಕೆಯ ಒಳಬದಿಗೆ ಮಲ್ಮಲ್ ಬಟ್ಟೆಯ ಜೇಬು ಹೊಲಿದು, ಪಕ್ಕದಿಂದ ತೂರಿಸುವಂತೆ ಬಾಯಿ ಬಿಟ್ಟರೆ ಅದು ಜಾಗ ಬಿಟ್ಟು ಕದಲುವುದಿಲ್ಲ. ಹತ್ತಿಯ ಉಂಡೆಯ ಕೆಳಭಾಗಕ್ಕೆ ಸ್ವಲ್ಪ ಭಾರವೂ ಬೇಕು. ನಾನು ಗಾಜಿನ ಮಣಿಗಳನ್ನು ಸಣ್ಣ ಚೀಲದಲ್ಲಿ ಹೊಲಿದು ಇಡುತ್ತೇನೆ. ಮೊದಲು ಸಾಸಿವೆ ಹಾಕುತ್ತಿದ್ದೆ, ನಮ್ಮ ಮಳೆಗಾಲಕ್ಕೆ ಅದು ಬೂಸ್ಟು ಹಿಡಿಯಿತು.

ರವಿಕೆಯ ಅಳತೆಯನ್ನು ಎರಡೂ ಬದಿಗೆ ಬೇರೆ ಬೇರೆಯಾಗಿ ತೆಗೆಯಬೇಕು. ಒಂದೇ ಅಳತೆಯಲ್ಲಿ ಎರಡು ಬದಿಗೂ ಟಕ್ಸ್ ಹಿಡಿದರೆ ಒಂದು ಕಡೆ ಬಟ್ಟೆ ಗುಳಿಬಿದ್ದು ಇನ್ನಷ್ಟು ಎದ್ದು ಕಾಣುತ್ತದೆ. ಹುಕ್ಕು ಮುಂದೆಯೇ ಇರಲಿ, ಕಂಕುಳು ಸಡಿಲವಿರಲಿ, ಲೈನಿಂಗ್ ಹತ್ತಿಯದೇ ಇರಲಿ. ಆಕಾರ ಎದ್ದು ಕಾಣಬಾರದೆಂದರೆ ಸಾದಾ ಬಣ್ಣಕ್ಕಿಂತ ಸಣ್ಣ ಹೂವಿನ ಬಟ್ಟೆ ಒಳ್ಳೆಯದು. ಮುಂದೆ ಹತ್ತಿಯ ಬದಲು ರವಿಕೆಯೊಳಗೆ ಇಡುವ ಸಿಲಿಕೋನಿನ ಕೃತಕ ಸ್ತನ ಕೊಂಡರೆ ಸೆರಗಿಗೆ ಪಿನ್ನು ಚುಚ್ಚುವಾಗ ಎಚ್ಚರವಿರಲಿ. ಒಬ್ಬರದು ಪಿನ್ನು ತಾಗಿ ತೂತಾಗಿ, ದುಡ್ಡು ಕೊಟ್ಟು ತಂದದ್ದು ಒಂದೇ ತಿಂಗಳಲ್ಲಿ ಹಾಳಾಯಿತು. ಬೆವರಿನ ಊರು ನಮ್ಮದು, ದಿನವೂ ಸೋಪಿನ ನೀರಿನಲ್ಲಿ ತೊಳೆದು ಒರೆಸಿ ಇಡಬೇಕು.

ದರ್ಜಿಯಾಗಿ ಇನ್ನೊಂದು ಮಾತು. ಹೆಂಗಸಿನ ಎದೆ ಹೀಗೇ ಕಾಣಬೇಕು ಎಂದು ತೀರ್ಮಾನಿಸಿದ್ದು ಬಹುಮಟ್ಟಿಗೆ ನಮ್ಮ ಕತ್ತರಿ. ಅಂಕೋಲೆ ಕಡೆಯ ಹಾಲಕ್ಕಿ ಸಮುದಾಯದ ಅಜ್ಜಿಯರು ರವಿಕೆಯೇ ಇಲ್ಲದೆ ಸೀರೆ ಉಟ್ಟು, ಕೊರಳ ತುಂಬ ಮಣಿಸರ ಹಾಕಿಕೊಂಡು ಇಡೀ ಬದುಕು ಕಳೆದರು. ಗಿಡ ನೆಟ್ಟು ಹೆಸರಾದ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ದಿಲ್ಲಿಗೆ ಹೋಗಿ ಪದ್ಮಶ್ರೀ ತೆಗೆದುಕೊಂಡದ್ದೂ ಅದೇ ಉಡುಗೆಯಲ್ಲಿ, ಬರಿಗಾಲಲ್ಲಿ. ನಾನು ಹೀಗೆ ಹೇಳಿದರೆ ನನ್ನ ಹೊಟ್ಟೆಪಾಡಿಗೇ ಸಂಚಕಾರ, ಆದರೂ ಹೇಳಿದೆ.

ಮರುಉತ್ತರ: ಅಘನಾಶಿನಿ ದಂಡೆಯವಳು, ಕುಮಟಾ

ಎಲ್ಲವನ್ನೂ ಮೂರು ಸಲ ಓದಿದೆ. ನಿನ್ನೆ ರಾತ್ರಿ ದೀಪ ಆರಿಸಿ ಎಣ್ಣೆ ಹಚ್ಚಿಕೊಂಡೆ. ಗೆರೆಯ ಅಂಚಿನವರೆಗೆ ಹೋದೆ, ಅಲ್ಲಿಂದ ಮುಂದೆ ಆಗಲಿಲ್ಲ. ಶಿರಸಿಯ ಅಕ್ಕ ಹೇಳಿದಂತೆ ಆ ಚರ್ಮ ನನ್ನದಲ್ಲವೆನ್ನಿಸಿತು. ಜಗುಲಿಯಿಂದ ಚಾಪೆಯನ್ನು ಒಳಗೆ ತಂದಿದ್ದೇನೆ. ಯಜಮಾನರು ಫ್ಯಾನನ್ನು ನನ್ನ ಕಡೆ ತಿರುಗಿಸಿಟ್ಟರು, ಮಾತೇನೂ ಆಡಲಿಲ್ಲ. ಕನ್ನಡಿಯ ಮೇಲಿನ ಸೀರೆ ಅಲ್ಲೇ ಇದೆ. ವರದಿ ಹಿಡಿದು ಶಸ್ತ್ರಚಿಕಿತ್ಸಕರನ್ನು ಕೇಳುವುದನ್ನು ಮುಂದಿನ ತಪಾಸಣೆಗೆ ಇಟ್ಟುಕೊಂಡಿದ್ದೇನೆ, ಮರೆಯದಂತೆ ಪ್ರಶ್ನೆಗಳನ್ನು ಬರೆದಿಟ್ಟಿದ್ದೇನೆ.

ಹೊನ್ನಾವರದವರಿಗೆ: ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನದ ಬಸ್ಸಿಗೆ ಬರಬಹುದೇ? ರವಿಕೆಗೆ ಬಟ್ಟೆ ಎಷ್ಟು ತರಬೇಕು?

ಉತ್ತರ: ಹೊನ್ನಾವರದ ದರ್ಜಿ

ಬನ್ನಿ ಅಕ್ಕೋರೇ. ಒಂದು ಮೀಟರ್ ಸಾಕು, ಜೇಬಿಗೆ ಮಲ್ಮಲ್ ನನ್ನಲ್ಲೇ ಇದೆ. ಮೂರು ಗಂಟೆಯ ಮೇಲೆ ಅಂಗಡಿಯಲ್ಲಿ ಬೇರೆ ಯಾರೂ ಇರುವುದಿಲ್ಲ.